ಪರದೆಯ ಮೇಲಿನ ಸಾಲನ್ನು ಪೂರ್ತಿ ಓದು, ಅಳಿಯಾ

ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಹಿಡಿದಿದ್ದೀಯ ಎಂದು ಅಕ್ಕ ಊರಿನಿಂದ ಫೋನು ಮಾಡಿ ಹೇಳಿದಳು. ಸಂತೋಷ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಆ ಬೀದಿಯಲ್ಲಿ ನನ್ನ ಅರ್ಧ ಆಯುಷ್ಯ ಸವೆದಿದೆ. ಸರ್ಕಾರಿ ಬೋರ್ಡಿನಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಗಿರಾಕಿಯ ಬಾಯಲ್ಲಿ ಮಾತ್ರ ಇವತ್ತಿಗೂ 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಸಾಹೇಬನ ಹೆಸರೇ. ಹಗಲು ಅಲ್ಲಿ ಬೆಸುಗೆ ಕಡ್ಡಿ ಹಿಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗರು ನಾವು. ರೇಡಿಯೊ ಹೋಗಿ ಟಿ.ವಿ. ಬಂತು, ಟಿ.ವಿ. ರಿಪೇರಿ ಕಡಿಮೆಯಾಗಿ ಕಂಪ್ಯೂಟರು ಬಂತು. ಬೀದಿ ತನ್ನ ಸರಕು ಬದಲಿಸುತ್ತ ಬಂದಿದೆ.

ಈಗ ನಿನ್ನ ಬೆಂಚಿಗೆ ಏನು ಬರುತ್ತಿದೆ ಎಂದು ನನಗೆ ಗೊತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಟಿ.ಪಿ.ಎಂ. 2.0 ಚಿಪ್ಪನ್ನೂ ಕೇಳುತ್ತದೆ. ಹಾಗಾಗಿ ಬ್ಯಾಂಕು, ಕಚೇರಿಗಳು ಕೈಬಿಟ್ಟ ಗಟ್ಟಿಮುಟ್ಟಾದ ಡಬ್ಬಗಳು ಸೆಕೆಂಡ್ ಹ್ಯಾಂಡಿಗೆ ಬರುತ್ತವೆ. ಅದಕ್ಕೊಂದು ಎಸ್.ಎಸ್.ಡಿ. ಹಾಕಿ, ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ತುಂಬಿ ಮಾರುವುದು ಮರ್ಯಾದೆಯ ವ್ಯಾಪಾರ. ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯವರು ಕಳ್ಳ ಪ್ರತಿಗಳ ಕುಖ್ಯಾತ ಪೇಟೆಗಳ ಪಟ್ಟಿ ಮಾಡಿದಾಗ ನಮ್ಮ ಬೀದಿಯ ಹೆಸರನ್ನೂ ಅದರಲ್ಲಿ ಬರೆದಿದ್ದರು. ನೀನು ತುಂಬುವ ಲಿನಕ್ಸಿಗೆ ಆ ಅಂಜಿಕೆ ಇಲ್ಲ. ಯಾರು ಬಂದು ನೋಡಿದರೂ ಬಚ್ಚಿಡುವಂಥದ್ದೇನಿಲ್ಲ.

ಆದರೆ ಮಾರಿದ ಮೇಲೆ ಗಿರಾಕಿ ವಾಪಸು ಬರುತ್ತಾನೆ. ‘ಪರದೆ ದೊಡ್ಡದಾಗಿ ಮಸುಕಾಗಿ ಕಾಣುತ್ತದೆ’, ‘ಆ ಸಾಫ್ಟ್‌ವೇರ್ ಕೂರುತ್ತಲೇ ಇಲ್ಲ’ ಎಂಬ ಎರಡು ದೂರುಗಳೇ ಹೆಚ್ಚು. ನಿನಗೆ ಹೇಳಬೇಕೆಂದಿರುವುದು ಆ ಹೊತ್ತಿನ ಬಗ್ಗೆ. ಲಿನಕ್ಸು ಕೆಟ್ಟಾಗ ಏನು ಕೆಟ್ಟಿತೆಂದು ಹೆಚ್ಚಿನ ಸಲ ಬರೆದೇ ಹೇಳುತ್ತದೆ. ನಿನ್ನ ವಯಸ್ಸಿನವರು ಅದನ್ನು ಓದುವುದಿಲ್ಲ. ಕೆಂಪು ಅಕ್ಷರ ಕಂಡ ತಕ್ಷಣ ಫೋನು ತೆಗೆದು, ಯಾರೋ ಎಲ್ಲೋ ಯಾವುದೋ ಯಂತ್ರಕ್ಕೆ ಬರೆದ ಆಜ್ಞೆಯನ್ನು ತಂದು ಅಂಟಿಸಿ, ಪಾಸ್‌ವರ್ಡ್ ಕೊಟ್ಟು, ಎಂಟರ್ ಒತ್ತುತ್ತೀರಿ. ಸುಡೊ ಎಂದು ಬರೆದ ಮೇಲೆ ಆ ಯಂತ್ರಕ್ಕೆ ನೀನೇ ಒಡೆಯ. ನೀನು ಹೇಳಿದ್ದನ್ನು ಅದು ಮಾಡಿಯೇ ಮಾಡುತ್ತದೆ.

2021ರ ನವೆಂಬರಿನಲ್ಲಿ ಇದರದ್ದೊಂದು ದೊಡ್ಡ ಪ್ರದರ್ಶನವೇ ನಡೆಯಿತು. ಲೈನಸ್ ಸೆಬಾಸ್ಟಿಯನ್ ಎಂಬ ಕೆನಡಾದವನು ಯೂಟ್ಯೂಬಿನಲ್ಲಿ ಕಂಪ್ಯೂಟರ್ ಬಗ್ಗೆ ಹೇಳಿಯೇ ಹೆಸರು ಮಾಡಿದವನು, ಲಕ್ಷಾಂತರ ಜನ ನೋಡುತ್ತಾರೆ. ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟಗಳಿಗಾಗಿ ಸ್ಟೀಮ್ ಹಾಕಲು ಹೋದ. ಆ ದಿನಗಳಲ್ಲಿ ಪಾಪ್ ಓಎಸ್ ಮಾಡುವವರ ಪ್ಯಾಕೇಜಿನಲ್ಲೇ ಒಂದು ದೋಷ ನುಸುಳಿತ್ತು. ಸ್ಟೀಮ್ ಬೇಕೆಂದರೆ ಇಡೀ ಡೆಸ್ಕ್‌ಟಾಪನ್ನೇ ತೆಗೆಯಬೇಕು ಎಂಬಂತೆ ಲೆಕ್ಕ ಕೂತಿತ್ತು. ಚಿತ್ರದ ಗುಂಡಿ ಒತ್ತಿದಾಗ ಆಗಲಿಲ್ಲ. ಟರ್ಮಿನಲ್ಲಿಗೆ ಹೋದ. ಏನೇನು ತೆಗೆದುಹಾಕುತ್ತೇನೆ ಎಂದು ಅದು ಉದ್ದದ ಪಟ್ಟಿ ಕೊಟ್ಟಿತು, ಇದು ಅಪಾಯಕಾರಿ ಎಂದಿತು, ಮುಂದುವರಿಯಬೇಕಿದ್ದರೆ ‘ಯೆಸ್, ಡು ಆಸ್ ಐ ಸೇ!’ ಎಂದು ಅಕ್ಷರ ಬಿಡದೆ ಟೈಪ್ ಮಾಡು ಎಂದಿತು. ಆತ ಟೈಪ್ ಮಾಡಿದ. ಡೆಸ್ಕ್‌ಟಾಪ್ ಹೋಯಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಉಳಿಯಿತು.

ತಪ್ಪು ಯಾರದೆಂದು ಜನ ಬಹಳ ಕಾಲ ಜಗಳವಾಡಿದರು. ಪ್ಯಾಕೇಜು ಕಟ್ಟಿದವರದೂ ಹೌದು, ಸಂಶಯವಿಲ್ಲ. ಆಮೇಲೆ, ಪ್ಯಾಕೇಜು ಹಾಕಿ ತೆಗೆಯುವ ಆಪ್ಟ್ ಎಂಬ ಸಲಕರಣೆ ಮಾಡುವವರು ಆ ವಾಕ್ಯವನ್ನೇ ತೆಗೆದು, ಅಷ್ಟು ಸುಲಭವಾಗಿ ಮುಖ್ಯ ಭಾಗಗಳನ್ನು ಕೀಳಲು ಬಿಡದಂತೆ ಮಾಡಿದರು. ಆದರೆ ನಿನ್ನ ಬೆಂಚಿನಲ್ಲಿ ನೆನಪಿರಬೇಕಾದ್ದು ಬೇರೆ. ಆಪ್ಟ್ ಏನಾದರೂ ಹಾಕುವ ಮುಂಚೆ ಹೊಸದಾಗಿ ಬರುವವು, ಮೇಲ್ದರ್ಜೆಗೇರುವವು, ತೆಗೆದುಹಾಕುವವು ಎಂದು ಬೇರೆಬೇರೆ ಪಟ್ಟಿ ಕೊಡುತ್ತದೆ. ತೆಗೆದುಹಾಕುವ ಪಟ್ಟಿಯನ್ನು ಮೊದಲು ಓದು. ಅದರಲ್ಲಿ ನೀನು ಕೇಳದ ಹೆಸರಿದ್ದರೆ, ‘ಡೆಸ್ಕ್‌ಟಾಪ್’ ಎಂದು ಕೊನೆಯಾಗುವ ಹೆಸರಿದ್ದರಂತೂ, ಎನ್ ಒತ್ತಿ ಹೊರಗೆ ಬಾ. ಚಹಾ ಕುಡಿದು ಬಂದು ಮತ್ತೆ ನೋಡು.

‘ಕುಡ್ ನಾಟ್ ಗೆಟ್ ಲಾಕ್’ ಎಂಬ ಸಾಲು ನಿನಗೆ ದಿನಾ ಸಿಗುತ್ತದೆ. ಆಗತಾನೆ ಚಾಲೂ ಮಾಡಿದ ಉಬುಂಟು ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ಭದ್ರತಾ ಅಪ್‌ಡೇಟ್ ಇಳಿಸುತ್ತಿರುತ್ತದೆ. ಅದು ಮುಗಿಯುವವರೆಗೆ ಇನ್ನೊಬ್ಬರು ಒಳಗೆ ಬರಬಾರದೆಂದು ಚಿಲಕ ಹಾಕಿಕೊಂಡಿದೆ, ಅಷ್ಟೆ. ಲಾಕ್ ಕಡತವನ್ನು ಅಳಿಸಿಬಿಡು ಎಂದು ಹೇಳಿಕೊಡುವವರು ಬಹಳ. ಚಾಳಿನ ಸಂಡಾಸಿಗೆ ಒಳಗಿಂದ ಚಿಲಕ ಹಾಕಿದ್ದರೆ ಹೊರಗೆ ಬಾಲ್ದಿ ಹಿಡಿದು ಕಾಯುತ್ತೇವೆಯೇ ಹೊರತು ಬಾಗಿಲು ಮುರಿಯುತ್ತೇವೆಯೇ, ಮಾರಾಯ? ಒಳಗಿರುವವನು ಅರ್ಧ ಕೆಲಸದಲ್ಲಿದ್ದಾಗ ಚಿಲಕ ಮುರಿದರೆ ಪ್ಯಾಕೇಜುಗಳ ದಾಖಲೆಯೇ ಹಾಳಾದೀತು. ಕರೆಂಟು ಹೋಗಿ ನಿಜಕ್ಕೂ ಅರ್ಧಕ್ಕೆ ನಿಂತಿದ್ದರೆ ‘ಡಿಪಿಕೆಜಿ ಇಂಟರಪ್ಟೆಡ್’ ಎಂದು ಬೇರೆ ಸಾಲೇ ಬರುತ್ತದೆ, ಜೊತೆಗೆ ಯಾವ ಆಜ್ಞೆ ಕೊಟ್ಟರೆ ಸರಿಯಾಗುತ್ತದೆ ಎಂಬುದನ್ನೂ ಅದೇ ಬರೆದಿರುತ್ತದೆ. ಇಷ್ಟು ಮರ್ಯಾದೆಯಿಂದ ಹೇಳುವ ಯಂತ್ರದ ಮಾತು ಕೇಳಬೇಡವೇ?

ಗಿರಾಕಿ ಎಲ್ಲಿಂದಲೋ ಒಂದು ಡೆಬ್ ಕಡತ ಇಳಿಸಿಕೊಂಡು ಬಂದು ಇದನ್ನು ಹಾಕಿಕೊಡು ಎನ್ನುತ್ತಾನೆ. ಬರಿಯ ಡಿಪಿಕೆಜಿ ಆಜ್ಞೆಯಿಂದ ಹಾಕಿದರೆ ಬೇಕಾದ ಉಳಿದ ಭಾಗಗಳನ್ನು ಅದು ತಾನಾಗಿ ತರುವುದಿಲ್ಲ, ‘ಡಿಪೆಂಡೆನ್ಸಿ ಪ್ರಾಬ್ಲೆಮ್ಸ್’ ಎಂದು ಅಲ್ಲೇ ನಿಲ್ಲುತ್ತದೆ. ಅದೇ ಕಡತವನ್ನು ಆಪ್ಟ್‌ಗೆ, ಕಡತದ ಹೆಸರಿನ ಮುಂದೆ ಚುಕ್ಕಿ ಮತ್ತು ಓರೆಗೆರೆ ಹಾಕಿ ಕೊಡು. ಬೇಕಾದ್ದನ್ನೆಲ್ಲ ಹುಡುಕಿ ತರುತ್ತದೆ. ಆಗಲೂ ನಿಂತರೆ ಯಾವ ಹೆಸರಿನ ಬಳಿ ನಿಂತಿದೆ ನೋಡು. 2022ರ ಏಪ್ರಿಲ್‌ನ ಉಬುಂಟು 22.04 ಬಂದಾಗ ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತೆಯ ಭಾಗ ಮೂರನೆಯ ಆವೃತ್ತಿಗೆ ಹೋಯಿತು, ಹಳೆಯ 1.1 ಭಂಡಾರದಿಂದಲೇ ಹೋಯಿತು. ಅದನ್ನು ಕೇಳುವ ಹಳೆಯ ಸಾಫ್ಟ್‌ವೇರುಗಳು ಇನ್ನೂ ಊರಲ್ಲಿವೆ. ಹಳೆಯ ಬಿಡುಗಡೆಯಿಂದ ಆ ಒಂದು ಭಾಗವನ್ನು ಕಿತ್ತು ತಂದು ಸೇರಿಸುವುದು ಸುಲಭದ ದಾರಿ. ನಾನು ಬೇಡವೆನ್ನುತ್ತೇನೆ. ಅದಕ್ಕೆ ಮುಂದೆ ಭದ್ರತಾ ತಿದ್ದುಪಡಿ ಬರುವುದಿಲ್ಲ, ಅದು ಅಲ್ಲಿದೆ ಎಂಬುದು ಗಿರಾಕಿಗೆ ನೆನಪೂ ಇರುವುದಿಲ್ಲ. ಒಂದು ಬಿಡುಗಡೆಯ ಪ್ಯಾಕೇಜುಗಳೆಲ್ಲ ಒಂದಕ್ಕೊಂದು ಹೊಂದುವಂತೆ ಒಟ್ಟಿಗೆ ಕಟ್ಟಿದವು. ಎರಡು ಬಿಡುಗಡೆಗಳನ್ನು ಬೆರೆಸಿದ ಯಂತ್ರಕ್ಕೆ ಡೆಬಿಯನ್‌ನವರು ಫ್ರಾಂಕನ್‌ಡೆಬಿಯನ್ ಎಂದೇ ಹೆಸರಿಟ್ಟಿದ್ದಾರೆ. ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹುಡುಕು, ಇಲ್ಲವೇ ತನ್ನ ಭಾಗಗಳನ್ನೆಲ್ಲ ತಾನೇ ಹೊತ್ತು ತರುವ ಫ್ಲ್ಯಾಟ್‌ಪ್ಯಾಕ್ ಇದೆಯೇ ನೋಡು.

ಫ್ಲ್ಯಾಟ್‌ಪ್ಯಾಕು, ಅದರಂಥವೇ ಆದ ಸ್ನ್ಯಾಪು, ಆಪ್‌ಇಮೇಜು ಇವುಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನೀನು ಹೋಗಬೇಡ. ಗಿರಾಕಿಯ ಯಂತ್ರದಲ್ಲಿ ಆ ಸಾಫ್ಟ್‌ವೇರು ಯಾವ ದಾರಿಯಿಂದ ಬಂದು ಕೂತಿದೆ ಎಂದು ತಿಳಿದುಕೋ, ಸಾಕು. ಉಬುಂಟು 22.04ರಿಂದ ಆಪ್ಟ್‌ನಲ್ಲಿ ಫೈರ್‌ಫಾಕ್ಸ್ ಕೇಳಿದರೂ ಬರುವುದು ಸ್ನ್ಯಾಪೇ. ಸ್ನ್ಯಾಪು ತನ್ನ ಗೋಡೆಯೊಳಗೆ ಇರುತ್ತದೆ. ಯು.ಎಸ್.ಬಿ.ಗೆ ಚುಚ್ಚುವ ಡಿಜಿಟಲ್ ಸಹಿಯ ಟೋಕನ್ ಅದಕ್ಕೆ ಕಾಣಲಿಲ್ಲವೆಂದು ಯಾರಾದರೂ ಲೆಕ್ಕಪರಿಶೋಧಕರು ಬಂದರೆ ಟೋಕನನ್ನು ಬೈಯುವ ಮುಂಚೆ ಈ ಗೋಡೆಯನ್ನು ಅನುಮಾನಿಸು. ಆಪ್‌ಇಮೇಜ್ ತೆರೆಯುತ್ತಿಲ್ಲವೆಂದರೆ ಅದಕ್ಕೆ ಓಡುವ ಅನುಮತಿ ಕೊಟ್ಟಿದೆಯೇ, ಲಿಬ್‌ಫ್ಯೂಸ್2 ಎಂಬ ಭಾಗ ಇದೆಯೇ ಎಂದು ನೋಡು. ಹೊಸ ಉಬುಂಟುಗಳಲ್ಲಿ ಅದು ತಾನಾಗಿ ಇರುವುದಿಲ್ಲ.

ಇನ್ನು ಪರದೆಯ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹೆಚ್ಚು ಹೇಳುವ ಆಸೆ, ತಾಳಿಕೋ.

ತೊಂಬತ್ತರ ದಶಕದ ಕೊನೆಗೆ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಬರುತ್ತಿತ್ತು. ಆಗ ಮಾನಿಟರೆಂದರೆ ಗಾಜಿನ ದೊಡ್ಡ ಬುರುಡೆ. ಅದರ ಅಡ್ಡ ಕಂಪನ ಎಷ್ಟು ಕಿಲೊಹರ್ಟ್ಸ್, ಲಂಬ ಎಷ್ಟು ಹರ್ಟ್ಸ್ ಎಂದು ನಾವೇ ಒಂದು ಕಡತದಲ್ಲಿ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರು ಸುಟ್ಟೀತೆಂದು ಕೈಪಿಡಿಯಲ್ಲೇ ಎಚ್ಚರಿಕೆ ಇರುತ್ತಿತ್ತು. ಅದಕ್ಕೇ ಬುರುಡೆಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದ ಮೇಲೆಯೇ ಕೀಬೋರ್ಡಿಗೆ ಕೈ ಹಾಕುತ್ತಿದ್ದೆವು. ಭಯ ಒಳ್ಳೆಯ ಮೇಷ್ಟ್ರು.

ಈಗ ಆ ಚೀಟಿಯನ್ನು ಮಾನಿಟರು ತಾನೇ ಕಂಪ್ಯೂಟರಿಗೆ ಓದಿ ಹೇಳುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ. ಮೂಲದಲ್ಲಿ 128 ಬೈಟಿನ ಒಂದು ಸಣ್ಣ ದಾಖಲೆ. ಮಾಡಿದವರು ಯಾರು, ಯಾವ ವರ್ಷದ್ದು, ಉದ್ದಗಲ ಎಷ್ಟು ಸೆಂಟಿಮೀಟರು, ಯಾವ ರೆಸಲ್ಯೂಷನ್ ತನಗೆ ಸಹಜ ಎಂಬುದೆಲ್ಲ ಅದರಲ್ಲಿರುತ್ತದೆ. ಹದಿನೈದು ಪಿನ್ನಿನ ವಿಜಿಎ ಕೇಬಲ್ಲಿನಲ್ಲಿ ಈ ಮಾತು ಹೋಗುವುದು ಹನ್ನೆರಡನೆಯ ಮತ್ತು ಹದಿನೈದನೆಯ ಪಿನ್ನಿನ ತಂತಿಗಳಲ್ಲಿ. ಚಿತ್ರ ಹೋಗುವ ತಂತಿಗಳು ಬೇರೆ. ಇಲ್ಲಿ ನಮ್ಮ ಬೀದಿಯ ಕಥೆ ಶುರುವಾಗುತ್ತದೆ. ಅತಿ ಅಗ್ಗದ ವಿಜಿಎ ಕೇಬಲ್ಲುಗಳಲ್ಲಿ ತಾಮ್ರ ಉಳಿಸಲು ಆ ಎರಡು ತಂತಿಗಳನ್ನು ಹಾಕದೇ ಬಿಡುವುದುಂಟು. ಚಿತ್ರ ಬರುತ್ತದೆ, ಬಣ್ಣ ಸರಿಯಿರುತ್ತದೆ. ಆದರೆ ಎದುರಿಗಿರುವುದು ಯಾವ ಮಾನಿಟರೆಂದು ಲಿನಕ್ಸಿಗೆ ತಿಳಿಯುವುದಿಲ್ಲ. ಯಾರಿಗೂ ಹಾನಿಯಾಗದಿರಲೆಂದು 1024 ಗುಣಿಸು 768ಕ್ಕೆ ನಿಲ್ಲುತ್ತದೆ. ಅಗಲದ ಪರದೆಯಲ್ಲಿ ಮುಖಗಳೆಲ್ಲ ಊದಿಕೊಂಡು ಕಾಣುತ್ತವೆ. ಗಿರಾಕಿ ‘ಲಿನಕ್ಸ್ ಸರಿಯಿಲ್ಲ’ ಎನ್ನುತ್ತಾನೆ, ಪಕ್ಕದ ಹುಡುಗ ‘ಗ್ರಾಫಿಕ್ಸ್ ಕಾರ್ಡ್ ಬದಲಿಸಿ’ ಎನ್ನುತ್ತಾನೆ.

ಊಹೆ ಬೇಕಿಲ್ಲ, ಯಂತ್ರವನ್ನೇ ಕೇಳಬಹುದು. ಸಿಸ್ ಎಂಬ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಎಂದಿದೆ. ಹಿಂಬದಿಯ ಒಂದೊಂದು ಕಿಂಡಿಗೂ ಅಲ್ಲೊಂದು ಫೋಲ್ಡರು, ಪ್ರತಿಯೊಂದರಲ್ಲೂ ಇಡಿಐಡಿ ಎಂಬ ಕಡತ. ಪರದೆ ಚುಚ್ಚಿದ ಕಿಂಡಿಯ ಆ ಕಡತವನ್ನು ತೆರೆದು ನೋಡು. ಖಾಲಿಯಿದ್ದರೆ ಮಾತು ದಾರಿಯಲ್ಲೇ ಕಡಿದಿದೆ. ಬೇರೆ ಕೇಬಲ್ ಹಾಕು. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ ಪುಟ್ಟ ಕನ್ವರ್ಟರ್ ಮಧ್ಯೆ ಇದ್ದರೆ ಅದನ್ನು ತೆಗೆದು ಪರೀಕ್ಷಿಸು. ಸಿವಿಟಿ ಆಜ್ಞೆಯಿಂದ ಲೆಕ್ಕ ಹಾಕಿ, ಎಕ್ಸ್‌ರ್ಯಾಂಡರ್ ಆಜ್ಞೆಯಿಂದ ಹೊಸ ಮೋಡ್ ಸೇರಿಸಿ, ಒತ್ತಾಯದಿಂದ 1920 ಗುಣಿಸು 1080 ತರಬಹುದು. ಆ ವಿದ್ಯೆ ಕಲಿತಿರು, ಬೇಡವೆನ್ನುವುದಿಲ್ಲ. ಆದರೆ ಲಾಗ್ಔಟ್ ಮಾಡಿದರೆ ಅದು ಹೋಯಿತು. ಸರಿಯಾದ ಕೇಬಲ್ ಹಾಕಿದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಬ್ಬ ಗಿರಾಕಿ 4ಕೆ ಟಿ.ವಿ.ಯನ್ನೇ ಮಾನಿಟರು ಮಾಡಿಕೊಂಡಿರುತ್ತಾನೆ. ಬಾಣ ಎಳೆದರೆ ತಡವರಿಸುತ್ತದೆ ಎಂದು ದೂರು. ಹಳೆಯ ಇಂಟೆಲ್ ಡಬ್ಬಗಳ ಎಚ್‌ಡಿಎಂಐ 1.4ರದ್ದು, 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. ಯಾವ ಸಾಫ್ಟ್‌ವೇರೂ ಅದನ್ನು 60 ಮಾಡಲಾರದು. ಆದರೆ ಕಚೇರಿಯಿಂದ ಬಂದ ಡಬ್ಬಗಳ ಹಿಂದೆ ಹೆಚ್ಚಾಗಿ ಡಿಸ್‌ಪ್ಲೇಪೋರ್ಟ್ ಇರುತ್ತದೆ, ಅದರ 1.2 ಆವೃತ್ತಿ 60 ಕೊಡುತ್ತದೆ. ಟಿ.ವಿ.ಗೆ ಹೋಗಲು ಮಧ್ಯೆ ಆಕ್ಟಿವ್ ಅಡಾಪ್ಟರ್ ಬೇಕು, ಅಗ್ಗದ ಪ್ಯಾಸಿವ್ ಹಾಕಿದರೆ ಮತ್ತೆ 30ಕ್ಕೇ ಬಿದ್ದೆ. ಟಿ.ವಿ.ಯಲ್ಲಿ ಅಂಚು ಕತ್ತರಿಸಿ ಹೋಗಿದ್ದರೆ ಲಿನಕ್ಸನ್ನು ಮುಟ್ಟಲೇಬೇಡ. ಟಿ.ವಿ.ಯ ರಿಮೋಟ್ ಹಿಡಿದು ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕು.

ಎಕ್ಸ್‌ರ್ಯಾಂಡರ್ ಆಜ್ಞೆ ಕೊಟ್ಟರೂ ಏನೂ ಆಗುತ್ತಿಲ್ಲ ಎಂದರೆ ಗಿರಾಕಿ ಯಾವ ಸೆಷನ್ನಿನಲ್ಲಿದ್ದಾನೆ ಎಂದು ನೋಡು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ, ಪರದೆಗೆ ಚಿತ್ರ ಕಳಿಸುವ ಎಕ್ಸ್ ಎಂಬ ವ್ಯವಸ್ಥೆಯ ಜಾಗಕ್ಕೆ 2008ರಲ್ಲಿ ಶುರುವಾದ ವೇಲ್ಯಾಂಡ್ ಬಂದಿದೆ. ಉಬುಂಟು 25.10ರ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ವೇಲ್ಯಾಂಡ್ ಒಂದೇ ಉಳಿದಿದೆ. ಅಲ್ಲಿ ಎಕ್ಸ್‌ರ್ಯಾಂಡರ್ ಪಟ್ಟಿ ತೋರಿಸಬಹುದು, ಬದಲಿಸಲಾರದು. ಪರದೆಗಳನ್ನು ಹೇಗೆ ಜೋಡಿಸಿದೆ ಎಂಬುದನ್ನು ಗ್ನೋಮ್ ಬಳಕೆದಾರನ ಡಾಟ್ ಕಾನ್ಫಿಗ್ ಫೋಲ್ಡರಿನಲ್ಲಿ ಮಾನಿಟರ್ಸ್ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡುತ್ತದೆ. ಜೋಡಣೆ ಕೆಟ್ಟು ಲಾಗಿನ್ ಆದಮೇಲೆ ಪರದೆ ಕತ್ತಲಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರದ ಪರದೆಗೆ ಹೋಗಿ, ಆ ಕಡತದ ಹೆಸರು ಬದಲಿಸಿಡು. ಅಳಿಸಬೇಕೆಂದಿಲ್ಲ. ಹೊಸದನ್ನು ಅದೇ ಮಾಡಿಕೊಳ್ಳುತ್ತದೆ.

ಪ್ಯಾಕೇಜಿನ ರೋಗ ಪರದೆಯ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಹೊಸಬರು ಹೆಚ್ಚು ಸೋಲುವುದು ಅಲ್ಲೇ. ಗಿರಾಕಿಯ ಬಳಿ ಜಿಟಿ 710ರಂಥ ಹಳೆಯ ಎನ್‌ವಿಡಿಯಾ ಕಾರ್ಡ್ ಇರುತ್ತದೆ. ಅದಕ್ಕೆ ಎನ್‌ವಿಡಿಯಾದವರು ಕೊಟ್ಟ ಕೊನೆಯ ಡ್ರೈವರ್ ಸಾಲು 470. ನಿನ್ನೆಯವರೆಗೆ ಚೆನ್ನಾಗಿತ್ತು, ಅಪ್‌ಡೇಟ್ ಆಯಿತು, ಲಿನಕ್ಸಿನ ತಿರುಳಾದ ಕರ್ನಲ್ ಹೊಸದು ಬಂತು. ಆ ಕರ್ನಲ್‌ಗೆ ಡ್ರೈವರ್ ಮತ್ತೆ ಕಟ್ಟಿಕೊಳ್ಳಬೇಕು, ಹಳೆಯ ಡ್ರೈವರ್ ಹೊಸ ಕರ್ನಲ್‌ಗೆ ಕಟ್ಟಿಕೊಳ್ಳಲಿಲ್ಲ. ಬೆಳಿಗ್ಗೆ ಕಪ್ಪು ಪರದೆ, ಇಲ್ಲವೇ ಊದಿದ ಮುಖಗಳು. ಇಲ್ಲಿ ಕೇಬಲ್ ಬದಲಿಸುತ್ತ ಕೂತರೆ ಸಂಜೆಯಾಗುತ್ತದೆ. ಬೂಟ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಪಟ್ಟಿ ತೆರೆ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸು. ಪರದೆ ಸರಿಯಾಯಿತೇ? ಹಾಗಾದರೆ ರೋಗ ಪ್ಯಾಕೇಜಿನದು. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಡ್ರೈವರ್ ಹಾಕಿದ ಮೇಲಿನ ಮೊದಲ ಬೂಟಿನಲ್ಲಿ ನೀಲಿ ಪರದೆಯೊಂದು ಕೀಲಿ ನೋಂದಾಯಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಒಳಗಿದ್ದೂ ಕೆಲಸ ಮಾಡುವುದಿಲ್ಲ. ಮತ್ತೆ ಅದೇ ಮಾತು: ಓದದೆ ಒತ್ತಿದರು.

‘ನಾನೇನೂ ಮಾಡಿಲ್ಲ, ತನ್ನಷ್ಟಕ್ಕೆ ಹೀಗಾಯಿತು’ ಎಂದು ಪ್ರತಿ ಗಿರಾಕಿಯೂ ಹೇಳುತ್ತಾನೆ. ಜಗಳಕ್ಕೆ ಹೋಗಬೇಡ. ವಾರ್ ಒಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಎಂಬ ಕಡತ. ಯಾವ ತಾರೀಕು, ಎಷ್ಟು ಗಂಟೆಗೆ, ಯಾವ ಆಜ್ಞೆಯಿಂದ ಏನು ಬಂತು, ಏನು ಹೋಯಿತು ಎಲ್ಲ ಬರೆದಿರುತ್ತದೆ. ಓದಿಕೋ, ಗಿರಾಕಿಗೆ ತೋರಿಸಿ ನಾಚಿಸಬೇಡ. ನೀನು ಮಾಡಿದ ಬದಲಾವಣೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಮೂರನ್ನು ಒಟ್ಟಿಗೆ ಮಾಡಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ನಿನಗೂ ತಿಳಿಯುವುದಿಲ್ಲ.

ನಮ್ಮವರ ಯಂತ್ರಗಳು ಬಂದಾಗ ಇನ್ನೊಂದು ಕೆಲಸ ಮಾಡಿಕೊಡು, ಅದಕ್ಕೆ ದುಡ್ಡು ಕೇಳಬೇಡ. ಕನ್ನಡದ ಜಾಗದಲ್ಲಿ ಚೌಕದ ಡಬ್ಬಿಗಳು ಕಾಣುತ್ತಿದ್ದರೆ ಅಕ್ಷರವಿನ್ಯಾಸದ ಪ್ಯಾಕೇಜು ಇಲ್ಲ ಎಂದರ್ಥ. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಹಾಕಿದರೆ ಲೋಹಿತ್, ನವಿಲು, ಗುಬ್ಬಿ ಮೂರೂ ಬರುತ್ತವೆ. ಟೈಪ್ ಮಾಡಲು ಐಬಸ್ ಎಂ17ಎನ್ ಹಾಕಿ ಕೆಜಿಪಿ ಕೀಲಿಮಣೆ ಆರಿಸಿಕೊಡು, ನುಡಿ ಸಾಫ್ಟ್‌ವೇರಿನಲ್ಲಿ ಪಳಗಿದ ಕೈಗೆ ಬೇರೆ ಕಲಿಯಬೇಕಿಲ್ಲ. ವಿಂಡೋಸಿನಿಂದ ತುಂಗಾ ಫಾಂಟನ್ನು ಎತ್ತಿ ತರುವವರಿದ್ದಾರೆ. ತುಂಗಾ ಚೆಲುವಾದದ್ದೇ. ಅದನ್ನು ರೂಪಿಸಿದ ಆರ್.ಕೆ. ಜೋಶಿಯವರು ಇದೇ ಮುಂಬಯಿಯಲ್ಲಿ, ಪವಾಯಿಯ ಐಐಟಿಯಲ್ಲಿ ಪಾಠ ಹೇಳಿದವರು. ಆದರೆ ಅದು ಮೈಕ್ರೋಸಾಫ್ಟಿನ ಸೊತ್ತು, ಮುಕ್ತವಾದವು ಇರುವಾಗ ಅದು ಬೇಕಿಲ್ಲ. ಕನ್ನಡ ಸಂಘದ ಹಳೆಯ ಆಮಂತ್ರಣ ಪತ್ರಿಕೆ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಬೇರೆ ರೋಗ. ಯೂನಿಕೋಡಿಗೆ ಮುಂಚಿನ ನುಡಿ, ಬರಹದ ಕಡತ ಅದು. ಈ ಪ್ಯಾಕೇಜು ಅದಕ್ಕೆ ಮದ್ದಲ್ಲ, ಯೂನಿಕೋಡಿಗೆ ಪರಿವರ್ತಿಸಬೇಕು.

ಇಂಗ್ಲಿಷ್ ಸಾಲು ಓದಲು ತಡವರಿಕೆ ಎಂದು ಹಿಂದೆ ಸರಿಯಬೇಡ. ರಾತ್ರಿಶಾಲೆಯ ಕನ್ನಡದಿಂದ ಬಂದವರೇ ನಾವೂ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸಿನ ಪಾಠಗಳು ಕನ್ನಡದ ದನಿಯಲ್ಲೂ ಇವೆ. ಊಟದ ಬಿಡುವಿನಲ್ಲಿ ಒಂದೊಂದು ಕೇಳು. ಈ ದೋಷ ಸಂದೇಶಗಳಲ್ಲಿ ಬರುವ ಪದಗಳು ಬಹಳವೇನಲ್ಲ, ಮತ್ತೆ ಮತ್ತೆ ಅವೇ ಬರುತ್ತವೆ. ಬೇಗ ಪರಿಚಯವಾಗುತ್ತವೆ.

ಕೊನೆಗೆ ಗಲ್ಲಾಪೆಟ್ಟಿಗೆಯ ವಿಷಯ. ಕೇಬಲ್ ಬದಲಿಸಿ ಪರದೆ ಸರಿಯಾದರೆ ಗಿರಾಕಿಗೆ ‘ಕೇಬಲ್ ಹಾಳಾಗಿತ್ತು’ ಎಂದೇ ಹೇಳು, ಕೇಬಲ್ಲಿನ ದುಡ್ಡಷ್ಟೇ ತಗೋ. ಗ್ರಾಫಿಕ್ಸ್ ಕಾರ್ಡಿನ ಹೆಸರು ಹೇಳಿ ಸಾವಿರಗಟ್ಟಲೆ ಕೀಳುವುದು ಆ ಬೀದಿಯಲ್ಲಿ ಸುಲಭ, ಕೇಳುವವನಿಗೆ ತಿಳಿಯುವುದೂ ಇಲ್ಲ. ನೀನು ಹಾಗೆ ಮಾಡಬೇಡ.